ಇಡೀ ಗುಮ್ಮಟ ತ್ರದಾತನದಲ್ಲ, ಪಶ್ಚಿಮದ ಪಾಲು ಮಾತ್ರ

ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದ (ಆಗ ಚರ್ಚ್, ಈಗ ಮಸೀದಿ) ಗುಮ್ಮಟವನ್ನು ಆರ್ಮೇನಿಯಾದ ವಾಸ್ತುಶಿಲ್ಪಿ ತ್ರದಾತ್ ಕಟ್ಟಿದ್ದಾ, ರಿಪೇರಿ ಮಾಡಿದ್ದಾ ಅಂತ ಕೇಳಿದ್ದೀರಿ. ರಿಪೇರಿಯೇ, ಆದರೆ ಅದು ಸಣ್ಣ ಕೆಲಸ ಅಲ್ಲವೇ ಅಲ್ಲ.

989ರ ಅಕ್ಟೋಬರ್ ಭೂಕಂಪದಲ್ಲಿ ಪಶ್ಚಿಮದ ದೊಡ್ಡ ಕಮಾನು ಬಿತ್ತು. ಅದರ ಮೇಲೆ ಕೂತಿದ್ದ ಗುಮ್ಮಟದ ಭಾಗವೂ ಜೊತೆಗೇ ಕುಸಿಯಿತು. ಸುಮಾರು 31 ಮೀಟರ್ ಅಗಲದ ಈ ಗುಮ್ಮಟದ ಭಾರ ಕೆಳಕ್ಕಷ್ಟೇ ಅಲ್ಲ, ಹೊರಕ್ಕೂ ತಳ್ಳುತ್ತದೆ. ಉತ್ತರ, ದಕ್ಷಿಣಕ್ಕೆ ದಪ್ಪ ಆನಿಕೆ ಗೋಡೆಗಳಿವೆ. ಪೂರ್ವ, ಪಶ್ಚಿಮಕ್ಕೆ ಇರುವುದು ಅರೆಗುಮ್ಮಟಗಳು, ಅವು ಅಷ್ಟು ಗಟ್ಟಿ ಆಸರೆಯಲ್ಲ. ಹಾಗಾಗಿಯೇ 558ರಲ್ಲಿ ಪೂರ್ವ, 989ರಲ್ಲಿ ಪಶ್ಚಿಮ, 1346ರಲ್ಲಿ ಮತ್ತೆ ಪೂರ್ವ ಬಿದ್ದದ್ದು. ಈಗ ಒಳಗೆ ನಿಂತು ಮೇಲೆ ನೋಡಿದರೆ ಕಾಣುವ ಗುಮ್ಮಟದ 40 ಏಣುಗಳಲ್ಲಿ (ಪಕ್ಕೆಲುಬಿನಂಥ ಪಟ್ಟಿಗಳಲ್ಲಿ) ಉತ್ತರ, ದಕ್ಷಿಣದವು 558ರ ಕುಸಿತದ ನಂತರ 562ರಲ್ಲಿ ಗುಮ್ಮಟವನ್ನು ಹೊಸದಾಗಿ ಕಟ್ಟಿದಾಗಿನವು, ಪಶ್ಚಿಮದವು ತ್ರದಾತನವು, ಪೂರ್ವದವು 14ನೇ ಶತಮಾನದವು. ಅವನು ಮೊದಲು ನಕ್ಷೆ, ಮಾದರಿ ಮಾಡಿಕೊಂಡೇ ಕೆಲಸಕ್ಕಿಳಿದ ಎಂದು ಸಮಕಾಲೀನ ಚರಿತ್ರೆಕಾರ ಆಸೋಘಿಕ್ ಬರೆದಿದ್ದಾನೆ. 994ರಲ್ಲಿ ಚರ್ಚ್ ಮತ್ತೆ ತೆರೆಯಿತು.

ಅವನ ಸ್ವಂತ ಕಲ್ಪನೆ ನೋಡಬೇಕಿದ್ದರೆ ಇಂದಿನ ಟರ್ಕಿಯ ಕಾರ್ಸ್ ಪ್ರಾಂತ್ಯದಲ್ಲಿ ಪಾಳುಬಿದ್ದಿರುವ ಹಳೆಯ ಆರ್ಮೇನಿಯನ್ ರಾಜಧಾನಿ ಆನಿಗೆ ಹೋಗಿ. ಅಲ್ಲಿನ ಕ್ಯಾಥೆಡ್ರಲ್‌ನ ಕಂಬಗಳು ಒಂದೇ ದಿಮ್ಮಿಯಂತಿಲ್ಲ. ತೆಳು ಕಂಬಗಳ ಕಟ್ಟಿನಂತೆ ಮೇಲೆದ್ದು ಚೂಪು ಕಮಾನುಗಳಿಗೆ ಸೇರುತ್ತವೆ. ನನ್ನ ಮಟ್ಟಿಗೆ ಅವನ ಅತ್ಯುತ್ತಮ ಕೆಲಸ ಅದೇ. ಹೊರಗೆ ನಯವಾಗಿ ಕೆತ್ತಿದ ಟಫ್ ಕಲ್ಲು (ಜ್ವಾಲಾಮುಖಿ ಬೂದಿ ಗಟ್ಟಿಯಾದದ್ದು), ಒಳಗೆ ಸುಣ್ಣದ ಗಾರೆಯಲ್ಲಿ ಹಾಕಿದ ಕಲ್ಲುಚೂರು. ಗುಮ್ಮಟ ಮಾತ್ರ 1319ರ ಭೂಕಂಪದಲ್ಲಿ ಹೋಯಿತು. ಅದೇ ಊರಲ್ಲಿ ಅವನೇ ಕಟ್ಟಿದ ಗಾಗಿಕಾಶೆನ್ ಚರ್ಚ್, ಆರ್ಮೇನಿಯಾದ 7ನೇ ಶತಮಾನದ ಜ್ವಾರ್ತ್‌ನೋತ್ಸ್ ಚರ್ಚ್ ಮಾದರಿಯ ದುಂಡು ಕಟ್ಟಡ. ಅದೂ ಬಿದ್ದು ಈಗ ತಳಪಾಯ, ಕಂಬದ ತುಂಡುಗಳಷ್ಟೇ ಉಳಿದಿವೆ.