‘ಪೌರರು’ ಎಂದರೆ ಯಾರು?

ಪ್ರಶ್ನೆ: ನಮ್ಮ ಊರಿನ ನಿವೃತ್ತ ಮೇಷ್ಟ್ರೊಬ್ಬರಿಗೆ ಊರವರೆಲ್ಲ ಸೇರಿ ಸನ್ಮಾನ ಇಟ್ಟುಕೊಂಡಿದ್ದೇವೆ. ಆಮಂತ್ರಣದ ಕರಡಿನಲ್ಲಿ ನಾನು ‘ಸಮಸ್ತ ಪೌರರಿಂದ ಪೌರಸನ್ಮಾನ’ ಎಂದು ಬರೆದೆ. ಸಮಿತಿಯ ಕೆಲವರು ‘ಪೌರರು ಅಂದರೆ ಕಸ ಗುಡಿಸುವವರು ಅಂತ ಆಗುತ್ತೆ, ನಾಗರಿಕರು ಅಂತ ಹಾಕಿ’ ಎಂದರು. ಇನ್ನೊಬ್ಬರು ಇದು ಪೌರಾಣಿಕಕ್ಕೆ ಸಂಬಂಧಪಟ್ಟ ಪದ ಎಂದರು. ಯಾವುದು ಸರಿ?

ಉತ್ತರ: ಪದ ಸರಿಯಾಗಿಯೇ ಇದೆ, ಬದಲಿಸಬೇಡಿ. ಪೌರ ಎಂದರೆ ಪುರದಲ್ಲಿ ವಾಸಿಸುವವನು, ಪಟ್ಟಣದವನು. ಅಷ್ಟೇ ಅದರ ಮೂಲಾರ್ಥ. ಕುರುವಿನ ವಂಶದವನು ಕೌರವ, ಕುಂತಿಯ ಮಗ ಕೌಂತೇಯ ಆದ ಹಾಗೆಯೇ ಪುರದವನು ಪೌರ. ಮೊದಲಕ್ಷರದ ಉಕಾರ ಔಕಾರವಾಗಿದೆ. ವಿಜಯಪುರ ಎನ್ನುವಾಗ ಕೊನೆಯಲ್ಲಿ ಕೇಳುವ ಪುರವೇ ಇದು.

ಪೌರಾಣಿಕದ ನಂಟು ಇಲ್ಲ. ಅದು ಪುರಾಣದಿಂದ ಬಂದದ್ದು, ಪುರಾಣ ‘ಪುರಾ’ ಅಂದರೆ ‘ಹಿಂದೆ’ ಎಂಬುದರಿಂದ. ಪೌರುಷ ಪುರುಷನಿಂದ, ಪೌರೋಹಿತ್ಯ ಪುರೋಹಿತನಿಂದ. ಔಕಾರ ಬಂದಾಗ ಎಲ್ಲವೂ ಒಂದೇ ಮನೆಯವರಂತೆ ಕಾಣುತ್ತವೆ. ಮನೆಗಳು ಬೇರೆ ಬೇರೆ.

ಪೌರ ಎಷ್ಟು ಹಳೆಯ ಪದ ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಒಂದು ಸಾಕ್ಷಿ ಇದೆ. ಗುಜರಾತಿನ ಜುನಾಗಢದ ಬಳಿ ಗಿರಿನಾರ್ ಬೆಟ್ಟದ ಬುಡದಲ್ಲಿ ಒಂದು ಬಂಡೆ. ಅದರ ಮೇಲೆ ‘ಮಹಾಕ್ಷತ್ರಪ’ ಎಂಬ ಬಿರುದಿನ ಅರಸ ರುದ್ರದಾಮನ ಸಂಸ್ಕೃತ ಶಾಸನವಿದೆ, ಸುಮಾರು ಕ್ರಿ.ಶ. 150ರದ್ದು. ಬಿರುಗಾಳಿ ಮಳೆಗೆ ಒಡೆದುಹೋದ ಸುದರ್ಶನ ಎಂಬ ಕೆರೆಯ ಕಟ್ಟೆಯನ್ನು ಅವನು ಮತ್ತೆ ಕಟ್ಟಿಸಿದ. ಕಟ್ಟಿಸಿದಾಗ ಹೆಚ್ಚಿನ ತೆರಿಗೆ ಹಾಕಲಿಲ್ಲ, ಬಿಟ್ಟಿ ದುಡಿಸಲಿಲ್ಲ, ‘ಪೌರಜಾನಪದ’ ಜನರನ್ನು ಪೀಡಿಸಲಿಲ್ಲ, ತನ್ನ ಭಂಡಾರದಿಂದಲೇ ಖರ್ಚು ಮಾಡಿದ ಎಂದು ಶಾಸನ ಹೇಳುತ್ತದೆ. ಪೌರರೆಂದರೆ ಪಟ್ಟಣದವರು, ಜಾನಪದರೆಂದರೆ ನಾಡಿನ ಹಳ್ಳಿಗಳವರು. ಇಬ್ಬರೂ ಸೇರಿದರೆ ರಾಜ್ಯದ ಎಲ್ಲ ಜನ ಎಂದಾಯಿತು. ಈಗ ಜಾನಪದ ಎಂದರೆ ನಮಗೆ ಹಾಡು, ಕಥೆ, ಕುಣಿತ ನೆನಪಾಗುತ್ತವೆ. ಅದು ಒಂದು ಕಾಲಕ್ಕೆ ಪೌರನ ಜೋಡಿಪದವಾಗಿತ್ತು.

ಈಗ ನಿಮ್ಮ ಸಮಿತಿಯವರು ಹೇಳಿದ ‘ನಾಗರಿಕ’ವನ್ನು ನೋಡೋಣ. ನಗರದಿಂದ ನಾಗರಿಕ, ಪುರದಿಂದ ಪೌರ. ಹುಟ್ಟಿದ್ದು ಒಂದೇ ಬಗೆಯಲ್ಲಿ, ಬೆಳೆದದ್ದು ಬೇರೆ ಬೇರೆ ದಿಕ್ಕಿಗೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಗರಿಕ ಎಂದರೆ ನಗರವಾಸಿಯಲ್ಲ, ನಗರದ ಮೇಲ್ವಿಚಾರಣೆ ನೋಡುವ ಅಧಿಕಾರಿ. ಮುಂದೆ ಆ ಪದಕ್ಕೆ ನಯನಾಜೂಕು ಬಲ್ಲವನು ಎಂಬ ಅರ್ಥ ಅಂಟಿಕೊಂಡಿತು. ನಾಗರಿಕತೆ, ಅನಾಗರಿಕ ಎಂಬ ಪದಗಳು ಬಂದದ್ದು ಆ ದಾರಿಯಲ್ಲಿ. ಅತ್ತ ಗ್ರಾಮದಿಂದ ಬಂದ ‘ಗ್ರಾಮ್ಯ’ ಒರಟು ಮಾತಿಗೆ ಹೆಸರಾಯಿತು. ಹಳ್ಳಿಯವರಿಗೆ ಇದರಲ್ಲಿ ಅನ್ಯಾಯವಾಗಿದೆ ಎಂದೇ ನನ್ನ ಭಾವನೆ. ಪೌರ ಈ ಹಮ್ಮನ್ನು ಹೊತ್ತುಕೊಂಡಿಲ್ಲ. ‘ಅಪೌರ’ ಎಂದು ಯಾರನ್ನೂ ಯಾರೂ ಬೈದದ್ದಿಲ್ಲ. ಎಲ್ಲಿ ವಾಸ ಎಂಬುದನ್ನು ಮಾತ್ರ ಹೇಳಿ ಸುಮ್ಮನಾಗುವ ಪದ ಅದು, ನಾನು ಅದನ್ನು ಮೆಚ್ಚುವುದೂ ಅದಕ್ಕೇ.

ಒಂದು ಕಡೆ ಮಾತ್ರ ಪೌರ ಪಟ್ಟಣದ ಗಡಿ ದಾಟಿದೆ. ಪೌರತ್ವ ಎಂದಾಗ ಅದು ದೇಶಕ್ಕೆ ಸೇರಿದ ಮಾತು. ಸಂವಿಧಾನದ 5ರಿಂದ 11ರವರೆಗಿನ ವಿಧಿಗಳು, 1955ರ ಪೌರತ್ವ ಕಾಯ್ದೆ ಹೇಳುವುದು ಇದನ್ನೇ. ಕಾಡಂಚಿನ ಹಾಡಿಯಲ್ಲಿರುವವರಿಗೂ ಪೌರತ್ವ ಇದೆ. ಇಂಗ್ಲಿಷಿನ ಸಿಟಿಜನ್ ಕೂಡ ಸಿಟಿಯಿಂದ ಹೊರಟು ಹೀಗೆಯೇ ದೇಶದಷ್ಟು ಅಗಲವಾಯಿತು.

ಉಳಿದಂತೆ ಪದ ಊರಿನಲ್ಲೇ ಇದೆ: ಪೌರಾಡಳಿತ, ಪೌರಾಯುಕ್ತ, ಪೌರಕಾರ್ಮಿಕ. ಕರ್ನಾಟಕದಲ್ಲಿ ಪುರಸಭೆಗೆ ಇರುವವರು ಮುಖ್ಯಾಧಿಕಾರಿ, ಪೌರಾಯುಕ್ತರು ಇರುವುದು ಅದಕ್ಕಿಂತ ದೊಡ್ಡದಾದ ನಗರಸಭೆಗೆ. ಪದದ ಮೂಲ ನೋಡಿದರೆ ಅದಲುಬದಲಾದಂತೆ ಕಾಣುತ್ತದೆ, ಆದರೆ ಆಡಳಿತದಲ್ಲಿ ಹಾಗೆ ರೂಢಿಯಾಗಿದೆ.

ಇನ್ನು ಪೌರಕಾರ್ಮಿಕ. ನಿಮ್ಮ ಸಮಿತಿಯವರ ಆಕ್ಷೇಪ ನನ್ನನ್ನು ನೋಯಿಸಿತು. ಪೌರಕಾರ್ಮಿಕ ಎಂದರೆ ಪೌರರಿಗಾಗಿ, ಪುರಕ್ಕಾಗಿ ದುಡಿಯುವವರು. ಹಿಂದೆ ಜಾತಿಯ ಹೆಸರು ಹಿಡಿದು, ಹೀನಾಯವಾಗಿ ಕರೆಯುತ್ತಿದ್ದವರಿಗೆ ಊರಿನ ಹೆಸರಿನಲ್ಲೇ ಗೌರವದ ಗುರುತು ಕೊಟ್ಟ ಪದ ಇದು. ರಾಜ್ಯದಲ್ಲಿ ಪ್ರತಿ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನವನ್ನೂ ಆಚರಿಸುತ್ತಾರೆ. ಆ ಪದದ ಅರ್ಧ ಭಾಗ ಕೇಳಿದೊಡನೆ ‘ನಮ್ಮನ್ನು ಅವರೆಂದುಕೊಂಡಾರು’ ಎಂದು ಹಿಂಜರಿಯುವುದಾದರೆ ತೊಡಕು ಪದದಲ್ಲಿಲ್ಲ. ಅವರೂ ಪೌರರೇ, ನೀವೂ ಪೌರರೇ.

ಮಾತಿನಲ್ಲಿ ಪೌರ ಬಳಕೆ ಕಡಿಮೆ, ನಿಜ. ಹಳ್ಳಿಯಿಂದ ನೋಡುವವರು ‘ಪೇಟೆಯವರು’ ಎನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ ‘ಪ್ಯಾಟಿ ಮಂದಿ’. ಬರಹದಲ್ಲಿ ಪಟ್ಟಣಿಗರು, ಪುರಜನರು, ನಿವಾಸಿಗಳು ಎಲ್ಲವೂ ನಡೆಯುತ್ತವೆ. ‘ನಿವಾಸಿ’ ಅರ್ಜಿ, ವಿಳಾಸಗಳಿಗೆ ಚೆನ್ನ, ಸನ್ಮಾನದ ಪತ್ರಿಕೆಗೆ ತೀರಾ ಒಣ.

ನಿಮ್ಮ ಕರಡಿನಲ್ಲಿ ನಾನು ತಿದ್ದುವುದು ಒಂದನ್ನೇ. ಪೌರಸನ್ಮಾನ ಎಂದರೇ ಪೌರರು ಮಾಡುವ ಸನ್ಮಾನ. ಅದರ ಹಿಂದೆ ‘ಸಮಸ್ತ ಪೌರರಿಂದ’ ಎಂದು ಮತ್ತೆ ಹೇಳಬೇಕಿಲ್ಲ. ‘ಊರವರೆಲ್ಲ ಸೇರಿ ಮಾಡುವ ಪೌರಸನ್ಮಾನ’ ಎಂದರೆ ಕನ್ನಡವೂ ಆಯಿತು, ಅರ್ಥವೂ ತಿಳಿಯಿತು. ಯಾವುದೋ ಒಂದು ಸಂಘ ಮಾತ್ರ ಮಾಡುವ ಸನ್ಮಾನಕ್ಕೆ ಈ ಪದ ಸಲ್ಲದು. ನೀವು ಊರವರೆಲ್ಲ ಸೇರಿದ್ದೀರಿ, ಆದ್ದರಿಂದ ಧಾರಾಳವಾಗಿ ಬಳಸಿ. ನಿಮ್ಮದು ಪುರಸಭೆಯಲ್ಲದೆ ಗ್ರಾಮ ಪಂಚಾಯಿತಿಯ ಊರಾಗಿದ್ದರೆ ಮಾತ್ರ ‘ಗ್ರಾಮಸ್ಥರಿಂದ ಸನ್ಮಾನ’ ಎಂದು ಹಾಕಿ.