ಓದುಗರ ಪ್ರಶ್ನೆ, ನಮ್ಮ ಉತ್ತರ: ಬ್ಯಾರಿಂಗ್ಟನ್ ಕಾಡಿನಲ್ಲಿ ಕಾಣೆಯಾದ ಸೆಸ್ನಾ

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ 1981ರಲ್ಲಿ ಕಾಣೆಯಾದ ಪುಟ್ಟ ವಿಮಾನವನ್ನು ಸ್ವಯಂಸೇವಕರು ದಶಕಗಳಿಂದ ಹುಡುಕುತ್ತಿದ್ದಾರಂತೆ. ರೇಡಾರ್ ಇತ್ತು, ರೇಡಿಯೊ ಇತ್ತು. ಆದರೂ ಏಕೆ ಸಿಗಲಿಲ್ಲ? (ತೀರ್ಥಹಳ್ಳಿಯ ಓದುಗರು)

ನೀವು ಕೇಳಿರುವುದು ವಿಎಚ್-ಎಂಡಿಎಕ್ಸ್ ಎಂಬ ಸೆಸ್ನಾ 210 ವಿಮಾನದ ಬಗ್ಗೆ. 1981ರ ಆಗಸ್ಟ್ 9ರಂದು ಐವರನ್ನು ಹೊತ್ತು ಕೂಲಂಗಟ್ಟಾದಿಂದ ಸಿಡ್ನಿಯ ಬ್ಯಾಂಕ್ಸ್‌ಟೌನ್‌ಗೆ ಹೊರಟಿತ್ತು. ನ್ಯೂ ಸೌತ್ ವೇಲ್ಸ್‌ನ ಬ್ಯಾರಿಂಗ್ಟನ್ ಟಾಪ್ಸ್ ಬೆಟ್ಟಗಳ ಮೇಲೆ ಕತ್ತಲು, ಮೋಡ, ಬಿರುಗಾಳಿ. ವಿಮಾನಕ್ಕೆ ಮಂಜುಗಡ್ಡೆ ಕಟ್ಟಿತು. ವಿಮಾನ ವಾಲಿದೆಯೋ ನೆಟ್ಟಗಿದೆಯೋ ಎಂದು ತೋರಿಸುವ ಉಪಕರಣ ಆಗಲೇ ಕೈಕೊಟ್ಟಿತ್ತು. ರಾತ್ರಿ 7.39ರ ಸುಮಾರಿಗೆ ಬಂದ ಕೊನೆಯ ಮಾತು ಎತ್ತರದ್ದು: ಐದು ಸಾವಿರ ಅಡಿ. ಆ ಬೆಟ್ಟಗಳ ಕೆಲವು ನೆತ್ತಿಗಳೇ ಅದಕ್ಕಿಂತ ಎತ್ತರ.

ರೇಡಾರ್ ಅಳೆಯುವುದು ದಿಕ್ಕು ಮತ್ತು ದೂರ. 80 ಕಿ.ಮೀ. ಆಚೆಗೆ ದಿಕ್ಕು ಒಂದೇ ಡಿಗ್ರಿ ತಪ್ಪಿದರೂ ಜಾಗ ಸುಮಾರು 1.4 ಕಿ.ಮೀ. ಪಕ್ಕಕ್ಕೆ ಸರಿಯುತ್ತದೆ. ವಿಮಾನ ಬೆಟ್ಟದ ಮರೆಗೆ ಇಳಿದೊಡನೆ ಪರದೆಯಿಂದ ಮಾಯ. ಹಾಗೆ ಮಾಯವಾದ ಮೇಲೂ ಅದು ಎತ್ತ ಬೇಕಾದರೂ ಹಾರಿರಬಹುದು. ಅಪಾಯ ಸಂಕೇತವನ್ನು ಆಲಿಸುವ ಮೊದಲ ಕೋಸ್ಪಾಸ್ ಉಪಗ್ರಹ ಕಕ್ಷೆ ಸೇರಿದ್ದು 1982ರ ಜೂನ್‌ನಲ್ಲಿ, ಅಂದರೆ ಮರುವರ್ಷ.

ಪ್ರಶ್ನೆ: ಕಾಡಿನಲ್ಲಿ ಸಾಲಾಗಿ ನಡೆದು ಹುಡುಕುವುದು ಎಂದರೆ ಹೇಗೆ? ಒಮ್ಮೆ ನಡೆದ ಜಾಗಕ್ಕೇ ಮತ್ತೆ ಏಕೆ ಹೋಗುತ್ತಾರೆ? (ಮೈಸೂರಿನ ಓದುಗರು)

ಎರಡನೆಯ ಪ್ರಶ್ನೆಯಲ್ಲೇ ಇಡೀ ಕೆಲಸದ ಕಷ್ಟ ಅಡಗಿದೆ.

ಮೊದಲು ಅಂತರ ಗೊತ್ತುಮಾಡಬೇಕು. ಆ ಕುರುಚಲಿನಲ್ಲೇ ಒಂದು ಮಾಸಲು ತಗಡಿನ ತುಂಡು ಇಟ್ಟು, ಕಾಣದಾಗುವ ತನಕ ಹಿಂದೆ ಸರಿಯಬೇಕು. 8 ಮೀಟರಿಗೆ ಮರೆಯಾದರೆ ಇಬ್ಬರ ನಡುವೆ 8 ಮೀಟರ್ ಸಾಕು. ಆಗ ನಡುವಿನ ನೆಲ ಇಬ್ಬರ ಕಣ್ಣಿಗೂ ಬೀಳುತ್ತದೆ. ಎಂಟು ಜನ ನಿಂತರೆ 64 ಮೀಟರ್ ಅಗಲದ ಪಟ್ಟಿ. ಗಂಟೆಗೆ 300 ಮೀಟರ್ ಸಾಗಿದರೆ ಎರಡು ಹೆಕ್ಟೇರೂ ಆಗುವುದಿಲ್ಲ. ಒಂದು ಚದರ ಕಿಲೋಮೀಟರಿಗೆ 50 ಗಂಟೆ ಮೀರುತ್ತದೆ! ಕಡಿದಾದ ಇಳಿಜಾರಿನಲ್ಲಿ ಮೇಲೆ ಕೆಳಗೆ ಹತ್ತಿಳಿಯದೆ, ಒಂದೇ ಎತ್ತರದಲ್ಲಿ ಅಡ್ಡಕ್ಕೆ ನಡೆಯಬೇಕು. ಸಾಲಿನ ಒಂದು ತುದಿಯವರು ಮರಗಳಿಗೆ ಬಣ್ಣದ ಟೇಪ್ ಕಟ್ಟುತ್ತಾ ಹೋಗುತ್ತಾರೆ. ಮುಂದಿನ ಪಟ್ಟಿಗೆ ಅದೇ ಗಡಿ, ಮರಳುವಾಗ ಅದನ್ನು ಬಿಚ್ಚಿ ತರಬೇಕು.

ಎಡವಟ್ಟಾಗುವುದು ಹೀಗೆ: ಮುಳ್ಳುಬಳ್ಳಿಯ ಪೊದೆ ಎದುರಾದರೆ ಕಾಲು ತಾನಾಗಿ ಸುಲಭದ ದಾರಿ ಹಿಡಿಯುತ್ತದೆ. ಇಬ್ಬರು ಹತ್ತಿರವಾಗುತ್ತಾರೆ, ಪೊದೆ ನೋಡದೆ ಉಳಿಯುತ್ತದೆ, ನಕ್ಷೆಯಲ್ಲಿ ಮಾತ್ರ ಆ ಚೌಕಕ್ಕೆ ಬಣ್ಣ ಬೀಳುತ್ತದೆ. ಆದ್ದರಿಂದ ಪ್ರತಿಯೊಬ್ಬರ ಜೇಬಿನಲ್ಲೂ ಜಿಪಿಎಸ್ ಓಡುತ್ತಿರಬೇಕು. ಸಂಜೆ ಎಲ್ಲರ ಜಾಡುಗಳನ್ನೂ ಒಂದೇ ನಕ್ಷೆಗೆ ಇಳಿಸಿದರೆ ತೂತುಗಳು ಕಾಣುತ್ತವೆ. ಆಳವಾದ ಕಮರಿಯಲ್ಲಿ ಜಿಪಿಎಸ್ಸೂ ಹತ್ತಾರು ಮೀಟರ್ ತಪ್ಪಬಹುದು ಎಂಬುದು ನೆನಪಿರಲಿ. ‘ಹುಡುಕಿಯಾಯಿತು’ ಎಂದು ಬರೆಯುವುದಕ್ಕಿಂತ ‘ಇಂಥ ಪೊದೆಗೆ ಇಳಿಯಲಾಗಲಿಲ್ಲ’ ಎಂದು ಬರೆದಿಡುವ ತಂಡವೇ ನಮ್ಮ ಲೆಕ್ಕದಲ್ಲಿ ಒಳ್ಳೆಯ ತಂಡ.

ದಿಕ್ಸೂಚಿಯ ಬಗ್ಗೆಯೂ ಒಂದು ಮಾತು. ಆ ಭಾಗದಲ್ಲಿ ಮುಳ್ಳು ನಿಜವಾದ ಉತ್ತರಕ್ಕಿಂತ ಸುಮಾರು 12 ಡಿಗ್ರಿ ಪೂರ್ವಕ್ಕೆ ವಾಲುತ್ತದೆ. ಮರೆತರೆ 500 ಮೀಟರ್ ನಡೆಯುವಷ್ಟರಲ್ಲಿ 100 ಮೀಟರ್ ಆಚೆಗೆ ಇರುತ್ತೀರಿ. ಹಳೆಯ ಕಾಗದದ ನಕ್ಷೆಗಳ ಅಳತೆಯ ಆಧಾರವೇ ಬೇರೆ. ಅದರ ಅಂಕಿಗಳನ್ನು ಹಾಗೆಯೇ ಜಿಪಿಎಸ್‌ಗೆ ತುಂಬಿದರೆ ಸುಮಾರು 200 ಮೀಟರ್ ವ್ಯತ್ಯಾಸ. 1980ರ ದಶಕದ ಟಿಪ್ಪಣಿ ಹಿಡಿದು ಹೊರಟವರಿಗೆ ಇದು ದೊಡ್ಡ ಬಲೆ.

ಪ್ರಶ್ನೆ: ಲೋಹಶೋಧಕ, ಡ್ರೋನ್ ಬಳಸಿದರೆ ಸುಲಭವಲ್ಲವೇ? (ಬೆಂಗಳೂರಿನ ಓದುಗರು)

ವಿಮಾನದ ಮೈ ಅಲ್ಯೂಮಿನಿಯಂ, ಅಯಸ್ಕಾಂತಕ್ಕೆ ಸ್ಪಂದಿಸುವುದಿಲ್ಲ. ಉಕ್ಕು ಇರುವುದು ಮುಖ್ಯವಾಗಿ ಎಂಜಿನ್ನಿನೊಳಗೆ. ಬ್ಯಾರಿಂಗ್ಟನ್‌ನಲ್ಲಿ ಹಳೆಯ ಜ್ವಾಲಾಮುಖಿಯ ಬಸಾಲ್ಟ್ ಬಂಡೆಗಳಿದ್ದು, ಅವೇ ಅಯಸ್ಕಾಂತ ಮಾಪಕವನ್ನು ಕದಡುತ್ತವೆ. ಕೈಯಲ್ಲಿ ಹಿಡಿಯುವ ಲೋಹಶೋಧಕಕ್ಕೆ ಒಂದು ಮೀಟರ್ ಆಚೆಯದು ತಿಳಿಯುವುದೇ ಕಷ್ಟ. ಡ್ರೋನ್ ಕ್ಯಾಮೆರಾಕ್ಕೆ ಮರಗಳ ನೆತ್ತಿಯಷ್ಟೇ ಕಾಣುತ್ತದೆ. ಲೇಸರ್ ಕಿರಣ ಎಲೆಗಳ ಸಂದಿನಲ್ಲಿ ಇಳಿದು ನೆಲದ ಆಕಾರ ಕೊಡುತ್ತದೆ, ಆದರೆ ಬಿದ್ದ ದಿಮ್ಮಿಗೂ ಮುರಿದ ರೆಕ್ಕೆಗೂ ವ್ಯತ್ಯಾಸ ಹೇಳುವುದಿಲ್ಲ. 11 ಮೀಟರ್ ರೆಕ್ಕೆಯ ವಿಮಾನ ಇಡಿಯಾಗಿ ಉಳಿದಿರುತ್ತದೆ ಎಂದುಕೊಳ್ಳುವುದೇ ತಪ್ಪು. ಹುಡುಕುವವರ ಕಣ್ಣಿಗೆ ಬೀಳಬಹುದಾದದ್ದು ಸುಮಾರು 200 ಕಿಲೋ ತೂಕದ ಎಂಜಿನ್, ಬಾಲದ ತುಂಡು, ಪಾಚಿ ಹಿಡಿದ ತಗಡು.

ಪ್ರಶ್ನೆ: ಅಂಥ ಕಾಡಿನಲ್ಲಿ ಏನಾದರೂ ಸಿಕ್ಕರೆ ಏನು ಮಾಡಬೇಕು? (ಸಿಡ್ನಿಯಲ್ಲಿರುವ ಕನ್ನಡಿಗ ಚಾರಣಿಗರು)

ಮುಟ್ಟಬೇಡಿ, ತಿರುಗಿಸಬೇಡಿ, ನೆನಪಿಗೆಂದು ಒಂದು ಚೂರನ್ನೂ ತರಬೇಡಿ. ಅದು ಐವರು ಸತ್ತಿರಬಹುದಾದ ಸ್ಥಳ. ದೂರದಿಂದ ಒಂದು, ಹತ್ತಿರದಿಂದ ಅಳತೆಗೆ ಪೆನ್ನು ಪಕ್ಕದಲ್ಲಿಟ್ಟು ಒಂದು ಫೋಟೊ ತೆಗೆಯಿರಿ. ಅಕ್ಷಾಂಶ, ರೇಖಾಂಶ ಬರೆದುಕೊಂಡು, ಯಾವ ನಕ್ಷೆ ಆಧಾರ ಎಂಬುದನ್ನೂ ಸೇರಿಸಿ. ಬಂದ ದಾರಿಗೆ ಟೇಪ್ ಕಟ್ಟುತ್ತಾ ಹಿಂದಿರುಗಿ ಪೊಲೀಸರಿಗೆ ತಿಳಿಸಿ. ಮರ ಕಡಿಯುವವರು ಬಿಟ್ಟುಹೋದ ಡಬ್ಬ, ಉಕ್ಕಿನ ಹಗ್ಗ ಆಗಿರಬಹುದೆಂಬ ಸಂಕೋಚ ಬೇಡ. ಸದರ್ನ್ ಕ್ಲೌಡ್ ವಿಮಾನ 1931ರಲ್ಲಿ ಎಂಟು ಜನರೊಂದಿಗೆ ಕಾಣೆಯಾಗಿ, 1958ರಲ್ಲಿ ಸಿಕ್ಕಿದ್ದು ಸ್ನೋಯಿ ಬೆಟ್ಟಗಳಲ್ಲಿ ರಜೆಯ ದಿನ ಸುತ್ತಾಡುತ್ತಿದ್ದ ಜಲವಿದ್ಯುತ್ ಯೋಜನೆಯ ಕಾರ್ಮಿಕನೊಬ್ಬನ ಕಣ್ಣಿಗೆ.

ಬ್ಯಾರಿಂಗ್ಟನ್‌ನ ತಗ್ಗಿನ ಮಳೆಕಾಡಿನಲ್ಲಿ ಹೃದಯಾಕಾರದ ಅಗಲ ಎಲೆಯ ಕುಟುಕುವ ಮರಗಳಿವೆ. ನಮ್ಮ ತುರುಚೆ ಗಿಡದ ಕುಟುಂಬದವೇ, ಉರಿ ಮಾತ್ರ ವಾರಗಟ್ಟಲೆ ಉಳಿಯಬಹುದು. ತಗುಲಿದರೆ ಉಜ್ಜಬೇಡಿ, ಕೂದಲು ಕೀಳುವ ಮೇಣದ ಪಟ್ಟಿ ಅಂಟಿಸಿ ಕಿತ್ತರೆ ಮುಳ್ಳುರೋಮಗಳು ಬರುತ್ತವೆ. ಉದ್ದ ತೋಳಿನ ದಪ್ಪ ಅಂಗಿ, ಚರ್ಮದ ಕೈಗವಸು ಇಲ್ಲದೆ ಇಳಿಯಬೇಡಿ. ಉಂಬಳಗಳಂತೂ ಇದ್ದೇ ಇವೆ.