ತಾಲೀಮಿಗೆ ಜನ ಬರುತ್ತಿಲ್ಲ ಅಂದರೆ

ತಾಲೀಮಿನ ಮೂರನೇ ವಾರಕ್ಕೆ ನಿಮ್ಮ ಹವ್ಯಾಸಿ ನಾಟಕ ತಂಡದ ಅರ್ಧ ಜನ ನಾಪತ್ತೆ ಅಂದಿದ್ದೀರಿ. ಉತ್ಸಾಹ ಇಳಿದಿದ್ದಕ್ಕಿಂತ, ಸುಮ್ನೆ ಕೂತು ಬೇಸತ್ತಿರುವ ಸಾಧ್ಯತೆಯೇ ಜಾಸ್ತಿ. ಎರಡು ಮಾತಿನ ಪಾತ್ರಕ್ಕೆ ದಿನಾ ಮೂರು ಗಂಟೆ ಕಾಯಿಸಿದರೆ ಯಾರು ತಾನೇ ಬರುತ್ತಾರೆ, ಅದೂ ಸಂಬಳವಿಲ್ಲದೆ?

ಮೊದಲು ನಾಟಕವನ್ನು ತುಂಡು ಮಾಡಿ. ಅಂಕದ ಲೆಕ್ಕದಲ್ಲಲ್ಲ, ಯಾವುದೇ ಪಾತ್ರ ಒಳಗೆ ಬಂದಾಗ, ಹೊರಗೆ ಹೋದಾಗಲೆಲ್ಲ ಹೊಸ ತುಂಡು. ಯಾವ ತುಂಡಿನಲ್ಲಿ ಯಾರಿದ್ದಾರೆ ಅಂತ ಕೋಷ್ಟಕ ಹಾಕಿ. ಬೇಜಾರಿನ ಕೆಲಸವೇ, ಆದರೆ ಒಮ್ಮೆ ಮಾಡಿದರೆ ಮುಗಿಯಿತು. ಒಂದೇ ಗುಂಪಿನ ತುಂಡುಗಳನ್ನು ಒಂದೇ ಸಂಜೆ ಇಟ್ಟುಕೊಂಡು, ಉಳಿದವರನ್ನು ಕರೆಯಲೇಬೇಡಿ. ಬರಲಾಗದ ದಿನಗಳನ್ನು ಎಲ್ಲರಿಂದ ಮೊದಲೇ ಬರೆಸಿಕೊಳ್ಳಿ.

ಪೂರ್ತಿ ತಂಡ ಕೊನೆಯ ಎರಡು ವಾರ ಸಾಕು. ಗುಂಪಿನ ದೃಶ್ಯ ಜಾಸ್ತಿಯಿದ್ದರೆ ಮೂರು ಬೇಕಾಗಬಹುದು. ಆಮೇಲೂ ಬಾರದವರಿಗೆ ಫೋನ್ ಮಾಡಿ, ಬೆಳಕು ಅಥವಾ ಟಿಕೆಟ್ ಕೆಲಸ ಇಷ್ಟವಾ ಕೇಳಿ.